ಲಗ್ಗೆರೆಯ ಬೀಗ ಹಾಕಿದ ಮನೆ

ಬೆಳಿಗ್ಗೆ 11 ಗಂಟೆಗೆ ಬೆಂಗಳೂರಿನ ಲಗ್ಗೆರೆಯ ಆ ಗಲ್ಲಿಯಲ್ಲಿ ನಿಂತರೆ ಸದ್ದೇ ಇರುವುದಿಲ್ಲ. ಮೂರು ಮಹಡಿಯ ಬಾಡಿಗೆ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಕೆಳಗೆ ಓನರ್ ಮನೆ, ಮೇಲೆ ಮಹಡಿಗೆ ನಾಲ್ಕೈದು ಪುಟ್ಟ ಮನೆಗಳು. ಬಾಗಿಲ ಪಕ್ಕ ಚಪ್ಪಲಿ ಇಲ್ಲ ಅಂದರೆ ಒಳಗೆ ಯಾರೂ ಇಲ್ಲ. ಅವತ್ತು ಎಷ್ಟೋ ಬಾಗಿಲ ಮುಂದೆ ಚಪ್ಪಲಿ ಇರಲಿಲ್ಲ.

ನಾವು ಹೋಗಿದ್ದು ಆರೋಗ್ಯ ಸಮೀಕ್ಷೆಗೆ. ನಾನು ತಂಡದ ಸೂಪರ್‌ವೈಸರ್. ಜೊತೆಗೆ ಪ್ರಶ್ನೆ ಕೇಳುವ ಮೂವರು ಹುಡುಗಿಯರು, ಬಿಪಿ, ಶುಗರ್, ತೂಕ ನೋಡುವ ಒಬ್ಬ ಹೆಲ್ತ್ ಇನ್ವೆಸ್ಟಿಗೇಟರ್. ಯಾವ ಸಮೀಕ್ಷೆ, ಯಾವ ಸಂಸ್ಥೆ ಎಂದು ಇಲ್ಲಿ ಹೇಳುವುದಿಲ್ಲ. ಮನೆಯವರ ಗುರುತು ಸಿಗಬಾರದು ಎಂದು ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಗುಟ್ಟಾಗಿ ಇಡುತ್ತೇವೆ ಅಂತ ಮಾತು ಕೊಟ್ಟೇ ಅವರ ಹತ್ತಿರ ಕೂತಿದ್ದೆವು.

ಇಂಥ ಸಮೀಕ್ಷೆ ಯಾಕೆ ಬೇಕು ಅಂತ ಮನೆ ಮನೆಯಲ್ಲೂ ಕೇಳುತ್ತಾರೆ. ನಾನು ಹೇಳುವ ಉತ್ತರ ಒಂದೇ. ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಇರುವುದು ಆಸ್ಪತ್ರೆಗೆ ಬಂದವರ ಹೆಸರು. ಬಾರದವರ ಲೆಕ್ಕ ಬೇಕಾದರೆ ಅವರ ಮನೆಗೇ ಹೋಗಬೇಕು. 1992-93ರಿಂದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅದನ್ನೇ ಮಾಡುತ್ತಾ ಬಂದಿದೆ. 2019-21ರ ಐದನೇ ಸುತ್ತಿನಲ್ಲಿ 6 ಲಕ್ಷ 36 ಸಾವಿರಕ್ಕೂ ಹೆಚ್ಚು ಮನೆಗಳ ಮಾಹಿತಿ ತೆಗೆದುಕೊಂಡರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ಮಾಡಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮನೆ ಬಾಗಿಲಿಗೆ ಹೋದದ್ದೇ.

22 ಮನೆ

ದೇಶವನ್ನೆಲ್ಲ ಕೇಳಲು ಆಗುವುದಿಲ್ಲ. ಅದಕ್ಕೇ ಚೀಟಿ ಎತ್ತಿದ ಹಾಗೆ ಕೆಲವು ಬೀದಿಗಳನ್ನು ಆರಿಸುತ್ತಾರೆ. ಆ ಬೀದಿಯ ಮನೆಗಳನ್ನೆಲ್ಲ ಪಟ್ಟಿ ಮಾಡುತ್ತಾರೆ. ಪಟ್ಟಿಯಿಂದ ಮತ್ತೆ ಚೀಟಿ ಎತ್ತಿದ ಹಾಗೆ 22 ಮನೆ. ಅಷ್ಟೇ.

ಪಟ್ಟಿ ಮಾಡುವುದೇ ಬೆಂಗಳೂರಿನಲ್ಲಿ ದೊಡ್ಡ ಕೆಲಸ. ಆರಿಸಿದ ಬೀದಿಗಳ ಗುಂಪಿಗೆ ಬ್ಲಾಕ್ ಅನ್ನುತ್ತಾರೆ. ಬ್ಲಾಕ್‌ಗಳ ಗಡಿ 2011ರ ಜನಗಣತಿಯದ್ದು. ಆಗ ಶೀಟ್ ಮನೆ ಇದ್ದ ಸೈಟಿನಲ್ಲಿ ಈಗ ಹನ್ನೆರಡು ಸಂಸಾರ. ಒಂದು ಬಾಗಿಲು ಅಂದರೆ ಒಂದು ಮನೆ ಅಂತಲೂ ಅಲ್ಲ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರೆಲ್ಲ ಸೇರಿ ಒಂದು ಕುಟುಂಬ, ಇದು ಲೆಕ್ಕ. ಒಡಿಶಾದಿಂದ ಬಂದು ಒಂದೇ ರೂಮಿನಲ್ಲಿ ಇರುವ ಆರು ಹುಡುಗಿಯರು ಒಟ್ಟಿಗೆ ಅಡುಗೆ ಮಾಡಿದರೆ ಅವರೂ ಒಂದು ಕುಟುಂಬವೇ. ಪಿಜಿ, ಹಾಸ್ಟೆಲ್‌ಗಳನ್ನು ಮಾತ್ರ ಹೆಚ್ಚಿನ ಕುಟುಂಬ ಸಮೀಕ್ಷೆಗಳು ಹೊರಗೇ ಬಿಡುತ್ತವೆ. ಈ ಊರಿನಲ್ಲಿ ಪಿಜಿಯಲ್ಲಿ ಬದುಕುವವರು ಎಷ್ಟು ಜನ, ನೆನೆಸಿಕೊಂಡರೆ ನನಗೆ ಕಳವಳವಾಗುತ್ತದೆ.

ಮೊದಲ ಎರಡು ದಿನದಲ್ಲಿ 22ರಲ್ಲಿ 13 ಮನೆ ಮುಗಿದವು. ಒಂದು ಮನೆಯವರು ಬೇಡ ಅಂದರು. ಎಂಟು ಮನೆಗೆ ಬೀಗ.

ಆ ಸಂಜೆ ಹುಡುಗಿಯರಲ್ಲಿ ಒಬ್ಬಳು ಕೇಳಿದಳು, "ಪಕ್ಕದ ಮನೆಯವರು ಪಾಪ ಕರೀತಿದ್ದಾರೆ ಮೇಡಂ, ಅವರದ್ದೇ ತಗೊಳ್ಳೋಣ್ವಾ?" ಈ ಪ್ರಶ್ನೆ ಪ್ರತಿ ತಂಡದಲ್ಲೂ ಬರುತ್ತದೆ. ಬಿಸಿಲಲ್ಲಿ ನಡೆದು ಸುಸ್ತಾದವರಿಗೆ ಹಾಗೆ ಅನಿಸುವುದು ಸಹಜ. ಆದರೆ ಬದಲಿ ಮನೆ ತೆಗೆದುಕೊಳ್ಳುವ ಹಾಗಿಲ್ಲ. ಕಡಿಮೆ ಅಂದರೂ ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹೋಗಬೇಕು. ಆಮೇಲೂ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಬೇಕು.

ಯಾಕೆ ಅಂತ ಆಗಲೇ ಅವರನ್ನು ಕೂರಿಸಿ ಹೇಳಿದೆ. 13 ಮನೆ ಮಾತ್ರ ಸಿಕ್ಕರೆ, ಲೆಕ್ಕ ಹಾಕುವಾಗ ಆ 13 ಮನೆ 22 ಮನೆಗಳ ಪರವಾಗಿ ನಿಲ್ಲಬೇಕು. ಒಂದೊಂದು ಮನೆಯ ತೂಕ 22ನ್ನು 13ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 1.69. ಬೀಗ ಹಾಕಿದ ಮನೆಯವರೂ ಬಾಗಿಲು ತೆರೆದ ಮನೆಯವರ ಹಾಗೇ ಇದ್ದರೆ ಇದರಿಂದ ತೊಂದರೆ ಇಲ್ಲ. ಆದರೆ ಹಗಲು 11ಕ್ಕೆ ಬಾಗಿಲು ತೆರೆದವರು ಯಾರು? ಮನೆಯಲ್ಲೇ ಇರುವ ಹೆಂಗಸರು, ರಿಟೈರ್ ಆದವರು, ಬಾಣಂತಿಯರು. ಬೀಗ ಹಾಕಿದವರು ಯಾರು? ಪೀಣ್ಯ ಕೈಗಾರಿಕಾ ಪ್ರದೇಶದ ಕಡೆಯ ಗಾರ್ಮೆಂಟ್ಸ್‌ಗೆ ಹೋದವರು. ಬೆಳಗಿನ ಜಾವವೇ ಪೊರಕೆ ಹಿಡಿದು ಹೊರಟ ಪೌರಕಾರ್ಮಿಕರು. ಮನೆಗೆಲಸಕ್ಕೆ ಹೋದವರು. ಪಕ್ಕದ ಮನೆಯ ಗೃಹಿಣಿಯನ್ನು ತೆಗೆದುಕೊಂಡು ಸಂಖ್ಯೆ ತುಂಬಿಸಿದರೆ, ಗಾರ್ಮೆಂಟ್ಸ್ ಹೆಂಗಸಿನ ಪರವಾಗಿ ಗೃಹಿಣಿ ಉತ್ತರ ಹೇಳಿದ ಹಾಗಾಗುತ್ತದೆ. ಕಾಗದದ ಮೇಲೆ 22 ಮನೆ ಪೂರ್ತಿ ಕಾಣುತ್ತದೆ. ಬೀದಿಯ ಎಷ್ಟೋ ಜನ ಅದರಲ್ಲಿ ಇರುವುದೇ ಇಲ್ಲ.

ಇಲ್ಲಿ ನನ್ನದೇ ತಪ್ಪು ಒಂದಿದೆ. ಬೀದಿಗೆ ಹೋಗುವ ಹೊತ್ತನ್ನು ಗೊತ್ತು ಮಾಡಿದ್ದು ನಾನೇ. ತಂಡದ ಹುಡುಗಿಯರು ಕತ್ತಲಾಗುವ ಮೊದಲು ಮನೆ ಸೇರಲಿ ಅಂತ 10ರಿಂದ 5 ಅಂತ ಇಟ್ಟಿದ್ದೆ. ಕಾಳಜಿಯಿಂದಲೇ ಮಾಡಿದ್ದು. ಆದರೆ ಅದೇ 10ರಿಂದ 5ರಲ್ಲಿ ಆ ಎಂಟು ಮನೆಯಲ್ಲಿ ಯಾರೂ ಇರುವುದಿಲ್ಲ. ಎರಡು ದಿನ ತಡವಾಗಿ ನನಗೆ ಇದು ಹೊಳೆಯಿತು. ಮೂರನೇ ದಿನದಿಂದ ಮಧ್ಯಾಹ್ನ ರಜೆ ಕೊಟ್ಟು, ಸಂಜೆ 6ರಿಂದ ರಾತ್ರಿ 8ರವರೆಗೆ ಹೋದೆವು. ಇಬ್ಬಿಬ್ಬರಾಗಿ ಹೋಗುವುದು, ಕೆಳಗೆ ಗಾಡಿ ನಿಂತಿರುವುದು ಅಂತ ಏರ್ಪಾಟು ಮಾಡಿಕೊಂಡೆವು.

ಎಂಟರಲ್ಲಿ ಒಂದು ಮನೆಯ ಕಥೆಯನ್ನು ಪೂರ್ತಿ ಹೇಳುತ್ತೇನೆ. ಎರಡನೇ ಮಹಡಿಯ ಮೂಲೆ ಮನೆ.

ಸಂಜೆ ಹೋದಾಗ ಅತ್ತೆ ಸಿಕ್ಕರು. ಹಗಲು ದೇವಸ್ಥಾನದ ಮುಂದೆ ಹೂ ಮಾರುತ್ತಾರೆ. ಅತ್ತೆ, ಮಗ, ಸೊಸೆ, ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ದೊಡ್ಡವರ ಹೆಸರು ಹಾಕಿದ ಮೇಲೆ ಟ್ಯಾಬ್ ಒಬ್ಬರನ್ನು ಆರಿಸುತ್ತದೆ. ನಾವು ಆರಿಸುವ ಹಾಗಿಲ್ಲ. ಟ್ಯಾಬ್ ಸೊಸೆಯ ಹೆಸರು ತೋರಿಸಿತು. ಸೊಸೆಗೆ ಅವತ್ತು ಗಾರ್ಮೆಂಟ್ಸ್‌ನಲ್ಲಿ ಓವರ್‌ಟೈಮ್.

ಮನೆಯ ಬಗ್ಗೆ ಕೇಳುವ ಪ್ರಶ್ನೆಗಳನ್ನು ಅತ್ತೆಯ ಹತ್ತಿರ ಮುಗಿಸಿದೆವು. ನೀರು, ಶೌಚಾಲಯ, ಗ್ಯಾಸ್, ಆಮೇಲೆ ತಂಬಾಕು. "ಮನೆಯಲ್ಲಿ ಯಾರಾದರೂ ತಂಬಾಕು ಉಪಯೋಗಿಸ್ತೀರಾ ಅಜ್ಜಿ?" "ಇಲ್ಲಮ್ಮ, ನಮ್ಮನೇಲಿ ಅಂಥದ್ದೆಲ್ಲ ಇಲ್ಲ." ಹೇಳುತ್ತಲೇ ಸೆರಗಿನ ಗಂಟು ಬಿಚ್ಚಿ ಎಲೆಗೆ ಸುಣ್ಣ ಸವರಿದರು. ಅಡಿಕೆ ಇಟ್ಟರು. ಕೊನೆಗೆ ಒಂದು ಚೂರು ಹೊಗೆಸೊಪ್ಪು. ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ತಂಬಾಕು ಅಂದರೆ ಬೀಡಿ, ಸಿಗರೇಟು. ಇದು ಎಲೆ ಅಡಿಕೆ. ನಮ್ಮ ಹುಡುಗಿ ಕೈಪಿಡಿಯಲ್ಲಿದ್ದ ಪಟ್ಟಿ ಓದಿದಳು: ಬೀಡಿ, ಸಿಗರೇಟು, ಗುಟ್ಕಾ, ಖೈನಿ, ಕಡ್ಡಿಪುಡಿ, ಹೊಗೆಸೊಪ್ಪು. "ಓ, ಹೊಗೆಸೊಪ್ಪಾ? ಅದು ಹಾಕ್ತೀನಿ, ಮದುವೆ ಆದಾಗಿಂದ." ಪಟ್ಟಿ ಓದದಿದ್ದರೆ ಆ ಮನೆ ತಂಬಾಕು ಇಲ್ಲದ ಮನೆಯಾಗಿ ದೇಶದ ಲೆಕ್ಕಕ್ಕೆ ಸೇರುತ್ತಿತ್ತು.

ಕೊನೆಗೆ ಅತ್ತೆ ಅಂದರು, "ಅವಳಿಗಾಗಿ ಯಾಕೆ ಕಾಯ್ತೀರ? ನಾನೇ ಹೇಳ್ತೀನಿ ಬರ್ಕೊಳ್ಳಿ. ಅವಳಿಗೇನಾಗಿದೆ, ಗಟ್ಟಿಮುಟ್ಟಾಗಿದ್ದಾಳೆ."

ಮನೆಯ ಒಬ್ಬರು ಇನ್ನೊಬ್ಬರ ಪರವಾಗಿ ಹೇಳುವುದಕ್ಕೆ ಕೆಲವು ಸಮೀಕ್ಷೆಗಳಲ್ಲಿ ಅವಕಾಶ ಇದೆ. ಹಾಗೆ ಕೇಳಿದಾಗ ಕಾಯಿಲೆಗಳ ಲೆಕ್ಕ ಕಡಿಮೆ ಬರುತ್ತದೆ ಎಂಬುದು ಈ ಕೆಲಸ ಮಾಡುವವರಿಗೆ ಗೊತ್ತಿರುವ ವಿಷಯ. ನಮ್ಮದರಲ್ಲಿ ಅವಕಾಶ ಇರಲಿಲ್ಲ. ಭಾನುವಾರ ಬರುತ್ತೇವೆ ಅಂದೆವು.

ಭಾನುವಾರ

ಸೊಸೆಗೆ 38 ವರ್ಷ. ವಾರಕ್ಕೆ ಒಂದೇ ರಜೆ, ಅದರಲ್ಲೇ ಬಟ್ಟೆ ಒಗೆಯುವುದು, ಮಕ್ಕಳ ತಲೆಗೆ ಎಣ್ಣೆ, ವಾರದ ತರಕಾರಿ. ನಾವು ಹೋದಾಗ 20 ಲೀಟರ್ ನೀರಿನ ಕ್ಯಾನ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಒಂದು ಗಂಟೆ ಹಿಡಿಯುತ್ತದೆ ಅಂತ ಮೊದಲೇ ಹೇಳಿದೆವು. ಬೇಡ ಅನ್ನುವ ಹಕ್ಕಿದೆ, ಯಾವ ಪ್ರಶ್ನೆ ಬೇಕಾದರೂ ಬಿಡಬಹುದು ಅಂತಲೂ ಹೇಳಿದೆವು. ಅವರು ಚಾಪೆ ಹಾಸಿ ಕೂತರು. ಹುಡುಗಿ ಪ್ರಶ್ನೆ ಕೇಳಿದಳು, ನಾನು ಬಾಗಿಲ ಹತ್ತಿರ ಕೂತು ನೋಡುತ್ತಿದ್ದೆ.

"ಕಳೆದ 15 ದಿನಗಳಲ್ಲಿ ತಾವು ಯಾವುದಾದರೂ ಅನಾರೋಗ್ಯದಿಂದ ಬಳಲಿದ್ದೀರಾ?"

"ಇಲ್ಲ."

"ವ್ಯಾಯಾಮ ಮಾಡುತ್ತೀರಾ?"

"ಅಯ್ಯೋ, ಇಲ್ಲಪ್ಪ."

"ಕುಟುಂಬದಲ್ಲಿ ಯಾರಿಗಾದರೂ ಆರೋಗ್ಯ ವಿಮೆ ಇದೆಯಾ?"

"ಇನ್ಶೂರೆನ್ಸಾ? ಎಲ್‌ಐಸಿ ಕಟ್ಟೋಕೆ ದುಡ್ಡೆಲ್ಲಿದೆ?"

ಮೂರು ಉತ್ತರ, ಮೂರೂ 'ಇಲ್ಲ'. ಹುಡುಗಿ ಸರಿಯಾಗೇ ಕೇಳಿದ್ದಳು. ಹೆಂಗಸು ನಿಜವನ್ನೇ ಹೇಳಿದ್ದರು. ಆದರೂ ಮೂರೂ ತಪ್ಪಾಗಿ ದಾಖಲಾಗುವುದರಲ್ಲಿದ್ದವು.

ವಿಮೆಯಿಂದ ಶುರು ಮಾಡೋಣ. ಅವರು ಹತ್ತು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಇದ್ದಾರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಇಂಥ ಕೆಲಸಗಾರರು ಇಎಸ್‌ಐಗೆ ಸೇರುತ್ತಾರೆ. ಕೆಲಸಗಾರರ ಪಾಲು ಸಂಬಳದ 0.75%, ಮಾಲೀಕರ ಪಾಲು 3.25%. ಕುಟುಂಬಕ್ಕೆಲ್ಲ ಚಿಕಿತ್ಸೆ. ಇದು ಆರೋಗ್ಯ ವಿಮೆ ಅಲ್ಲದೆ ಮತ್ತೇನು? ಪಟ್ಟಿಯಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದಾಗ ಅವರ ಮುಖ ಅರಳಿತು. "ಇಎಸ್‌ಐ ಕಟ್ ಆಗುತ್ತಲ್ಲ! ಕಾರ್ಡ್ ಇದೆ." ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲೇ ಚಿಕ್ಕ ಮಗು ಹುಟ್ಟಿದ್ದಂತೆ. ರೇಷನ್ ಕಾರ್ಡಿನ ಮೇಲೆ ಸಿಗುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಸೌಲಭ್ಯದ್ದೂ ಇದೇ ಪಾಡು. ವಿಮೆ ಅಂದರೆ ಗೊತ್ತಾಗುವುದಿಲ್ಲ, 'ಕಾರ್ಡಲ್ಲಿ ಆಸ್ಪತ್ರೆ' ಅಂದರೆ ಗೊತ್ತಾಗುತ್ತದೆ.

ವ್ಯಾಯಾಮ ಹಾಗೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ ವ್ಯಾಯಾಮ ಅಂತ ಮಾತ್ರ ಕೇಳುವುದಿಲ್ಲ. ಕೆಲಸದಲ್ಲಿ ಮೈ ಎಷ್ಟು ದುಡಿಯುತ್ತದೆ, ಓಡಾಡಲು ಎಷ್ಟು ನಡೆಯುತ್ತೀರಿ, ಬಿಡುವಿನಲ್ಲಿ ಏನು ಮಾಡುತ್ತೀರಿ ಅಂತ ಮೂರು ಭಾಗ ಮಾಡಿ ಕೇಳುತ್ತದೆ. ಈಕೆ ಹೋಗಿ ಬರಲು ದಿನಕ್ಕೆ 50 ನಿಮಿಷ ನಡೆಯುತ್ತಾರೆ. ನೀರಿನ ಕ್ಯಾನ್ ಹೊರುತ್ತಾರೆ. ಕೆಲಸದಲ್ಲಿ ಮಾತ್ರ ಹೊಲಿಗೆ ಮೆಷಿನ್ ಮುಂದೆ ಕೂತಲ್ಲೇ ಕೂತಿರುತ್ತಾರೆ, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಬಾತ್‌ರೂಮಿಗೆ ಎದ್ದರೆ ಪೀಸ್ ಕಡಿಮೆ ಆಗುತ್ತದೆ ಅಂತ ನೀರನ್ನೇ ಕಡಿಮೆ ಕುಡಿಯುತ್ತಾರಂತೆ. ಇದನ್ನು ಬರೆದುಕೊಳ್ಳಲು ಟ್ಯಾಬ್‌ನಲ್ಲಿ ಜಾಗವೇ ಇರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಈಗ ಮೊದಲ 'ಇಲ್ಲ'ಕ್ಕೆ ಬರುತ್ತೇನೆ. ನನ್ನನ್ನು ಜಾಸ್ತಿ ಕಾಡಿದ್ದು ಅದೇ.

ಬಿಪಿ ನೋಡುವ ಮೊದಲು, ಅರ್ಧ ಗಂಟೆಯೊಳಗೆ ಕಾಫಿ, ಟೀ, ಊಟ ಆಗಿದೆಯಾ ಅಂತ ಕೇಳಬೇಕು. ನಮಗೆ ಕಾಫಿ ಕೊಟ್ಟು ತಾವೂ ಕುಡಿದಿದ್ದರು. ಜೊತೆಗೆ ಈಗಷ್ಟೇ ನೀರು ಹೊತ್ತು ಹತ್ತಿದ್ದಾರೆ. ಹಾಗಾಗಿ ಕಾದೆವು. ಆಮೇಲೆ ಐದೈದು ನಿಮಿಷ ಬಿಟ್ಟು ಮೂರು ಸಲ ನೋಡಿದೆವು. 158/98, 152/96, 150/96. ಮೊದಲನೆಯದನ್ನು ಬಿಟ್ಟು ಉಳಿದ ಎರಡರ ಸರಾಸರಿ 151/96. 140/90 ಅಥವಾ ಅದಕ್ಕಿಂತ ಮೇಲಿದ್ದರೆ ಜಾಸ್ತಿ ಅಂತ ಲೆಕ್ಕ. ಒಂದು ದಿನದ ಅಳತೆಯಿಂದ ಕಾಯಿಲೆ ಇದೆ ಅಂತ ಹೇಳಲಾಗದು, ಅದನ್ನು ಡಾಕ್ಟರೇ ಹೇಳಬೇಕು.

"ಯಾವತ್ತಾದರೂ ಬಿಪಿ ನೋಡಿಸಿದ್ರಾ?" "ಬಾಣಂತನದಲ್ಲಿ ನೋಡಿದ್ರು, ಆಮೇಲಿಲ್ಲ." ಹಾಗನ್ನುತ್ತಾ ಬ್ಯಾಗಿನಿಂದ ಕಾರ್ಡ್ ತೆಗೆಯಲು ಹೋದರು. ಕಾರ್ಡಿನ ಜೊತೆ ಒಂದು ಮಾತ್ರೆ ಶೀಟ್ ಬಿತ್ತು. ಅರ್ಧ ಖಾಲಿ. "ಇದೇನು?" "ತಲೆನೋವಿಂದು. ವಾರಕ್ಕೆ ಮೂರು ನಾಲ್ಕು ದಿನ ಬೇಕಾಗುತ್ತೆ. ಫ್ಯಾಕ್ಟರಿ ನರ್ಸ್ ಕೊಡ್ತಾರೆ, ಇಲ್ಲಾಂದ್ರೆ ಮೆಡಿಕಲ್ ಶಾಪ್."

ವಾರಕ್ಕೆ ಮೂರು ನಾಲ್ಕು ದಿನ ತಲೆನೋವು. ಆದರೂ ಹದಿನೈದು ದಿನದಲ್ಲಿ ಅನಾರೋಗ್ಯ ಇಲ್ಲ. ಯಾಕೆಂದರೆ ಅವರಿಗೆ ಅನಾರೋಗ್ಯ ಅಂದರೆ ಮಲಗಿಬಿಡುವುದು. ಕೆಲಸಕ್ಕೆ ರಜೆ ಹಾಕಿಸುವುದು. ಹೊಲಿಯುತ್ತಾ ತಡೆದುಕೊಳ್ಳುವ ತಲೆನೋವು ಅವರ ಲೆಕ್ಕದಲ್ಲಿ ಕಾಯಿಲೆಯೇ ಅಲ್ಲ. ಪ್ರಶ್ನೆಯ ಕನ್ನಡವೂ ಅವರದ್ದಲ್ಲ. 'ಅನಾರೋಗ್ಯದಿಂದ ಬಳಲಿದ್ದೀರಾ' ಅಂತ ಯಾರ ಮನೆಯಲ್ಲಿ ಮಾತಾಡುತ್ತಾರೆ? ಬೆಂಗಳೂರು, ಮೈಸೂರಿನ ಕಡೆ ಹುಷಾರಿಲ್ಲ ಅನ್ನುತ್ತಾರೆ. ಕಲಬುರಗಿ ಕಡೆ ಆರಾಮಿಲ್ಲ. ಮಂಗಳೂರಿನಲ್ಲಿ ಸೌಖ್ಯ ಇಲ್ಲ. ಪ್ರಶ್ನೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ, ಮತ್ತೆ ಇಂಗ್ಲಿಷಿಗೆ ತಿರುಗಿಸಿ ಸರಿಯಿದೆಯಾ ಅಂತ ನೋಡುತ್ತಾರೆ. ಆ ಪರೀಕ್ಷೆಯಲ್ಲಿ 'ಅನಾರೋಗ್ಯ' ಪಾಸಾಗುತ್ತದೆ. ಬೀದಿಯಲ್ಲಿ ಫೇಲಾಗುತ್ತದೆ.

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲೂ ಇದೇ 15 ದಿನದ ಪ್ರಶ್ನೆ ಇತ್ತು. ನಗರಗಳಲ್ಲಿ 9.1%, ಹಳ್ಳಿಗಳಲ್ಲಿ 6.8% ಜನ ಹೌದು ಅಂದರು. ಹಳ್ಳಿಯವರ ಆರೋಗ್ಯ ಚೆನ್ನಾಗಿದೆ ಅಂತ ಇದರ ಅರ್ಥವಾ? ಜಾಸ್ತಿ ಕಾಲ ಬದುಕುವ ಕೇರಳದವರೇ ಜಾಸ್ತಿ ಕಾಯಿಲೆ ಹೇಳಿಕೊಳ್ಳುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೆನ್ 2002ರಲ್ಲೇ ಬರೆದಿದ್ದರು. ಡಾಕ್ಟರು ಹತ್ತಿರ ಇದ್ದವರಿಗೆ, ಓದಿದವರಿಗೆ ತಮ್ಮ ನೋವಿಗೆ ಒಂದು ಹೆಸರು ಗೊತ್ತಿರುತ್ತದೆ. ಉಳಿದವರು ತಡೆದುಕೊಂಡು 'ಇಲ್ಲ' ಅನ್ನುತ್ತಾರೆ. ಹಾಗಾಗಿಯೇ ಬಾಯಿ ಮಾತಿನ ಜೊತೆ ಅಳತೆಯೂ ಬೇಕು. ಆ ಚಾಪೆಯ ಮೇಲೆ ಬಾಯಿ 'ಇಲ್ಲ' ಅಂದಿತ್ತು, ತೋಳಿಗೆ ಕಟ್ಟಿದ ಪಟ್ಟಿ 151 ಅಂದಿತ್ತು.

ಬೆಂಗಳೂರಿನಲ್ಲೇ ಇರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ 2017-18ರಲ್ಲಿ ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಸಮೀಕ್ಷೆಯನ್ನು ನಡೆಸಿತು. ಬಿಪಿ ಜಾಸ್ತಿ ಇದ್ದ ನೂರು ಮಂದಿಯಲ್ಲಿ ಸುಮಾರು 28 ಮಂದಿಗೆ ಮಾತ್ರ ಅದು ಗೊತ್ತಿತ್ತು. ಚಿಕಿತ್ಸೆಯಲ್ಲಿದ್ದವರು 15 ಮಂದಿಯೂ ಇಲ್ಲ. ಈ ಅಂಕಿಯನ್ನು ಟ್ರೇನಿಂಗ್‌ನಲ್ಲಿ ಎಷ್ಟೋ ಸಲ ಕೇಳಿದ್ದೆ. ಉಳಿದ 72 ಮಂದಿಯಲ್ಲಿ ಒಬ್ಬರ ಮನೆಯ ಕಾಫಿ ಕುಡಿದಿದ್ದು ಅವತ್ತು.

ಮನಸ್ಸಿಗೆ ಕಷ್ಟವಾದ ಒಂದು ತೀರ್ಮಾನ ಅಲ್ಲೇ ಮಾಡಬೇಕಾಯಿತು. ಆ 'ಇಲ್ಲ'ವನ್ನು 'ಹೌದು' ಅಂತ ತಿದ್ದಬಹುದಾ? ತಿದ್ದಬೇಕು ಅಂತ ನನಗೆ ಅನಿಸಿತ್ತು. ಆದರೆ ನಾನು ಲಗ್ಗೆರೆಯಲ್ಲಿ ನನ್ನ ಮಾತಿನಲ್ಲಿ ಕೇಳಿ, ಕಲಬುರಗಿಯ ತಂಡ ಪುಸ್ತಕದ ಮಾತಿನಲ್ಲಿ ಕೇಳಿದರೆ, ಎರಡು ಊರನ್ನು ಪಕ್ಕ ಪಕ್ಕ ಇಟ್ಟು ನೋಡಲಾಗದು. ಎಲ್ಲರಿಗೂ ಒಂದೇ ಪ್ರಶ್ನೆ ಎಂಬುದು ಈ ಕೆಲಸದ ಬೆನ್ನೆಲುಬು. ಕೈಪಿಡಿ ತಿರುವಿದೆ. ಮರುಪ್ರಶ್ನೆಗೆ ಜಾಗ ಕೊಟ್ಟಿದ್ದರು: ನೋವು, ಜ್ವರ, ಕೆಮ್ಮು, ಸುಸ್ತು ಇತ್ತಾ, ಮಾತ್ರೆ ತೆಗೆದುಕೊಂಡಿರಾ ಅಂತ ಕೇಳಬಹುದು. ಅವಸರದಲ್ಲಿ ನಮ್ಮ ಹುಡುಗಿ ಅದನ್ನು ಬಿಟ್ಟಿದ್ದಳು. ಹಿಂದಿನ 13 ಮನೆಯಲ್ಲೂ ಅದು ಬಿಟ್ಟುಹೋಗಿತ್ತು ಅಂತ ಆಮೇಲೆ ತಿಳಿಯಿತು. ಮರುಪ್ರಶ್ನೆ ಕೇಳಿ, ಅವರ ಬಾಯಿಂದಲೇ ಬಂದ 'ಹೌದು' ಬರೆದೆವು. ಆ 13 ಮನೆಗೂ ವಾಪಸ್ ಹೋಗಿ ಅದೊಂದನ್ನು ಮಾತ್ರ ಮತ್ತೆ ಕೇಳಿದೆವು. ವಾಪಸ್ ಹೋಗಿದ್ದು ಯಾಕೆ ಎಂದು ಆಫೀಸಿಗೆ ಬರೆದು ಕಳಿಸಿದೆ. 'ಹುಷಾರಿಲ್ಲದೆ ಇದ್ದದ್ದು ಉಂಟಾ' ಅಂತ ಪ್ರಶ್ನೆಯನ್ನೇ ಬದಲಿಸಿ ಅಂತಲೂ ಬರೆದೆ. ಮುಂದಿನ ಸುತ್ತಿಗೆ ನೋಡೋಣ ಎಂಬ ಉತ್ತರ ಬಂತು.

ಚೀಟಿ ಕೊಟ್ಟ ಮೇಲೆ

ಅಳತೆ ಬರೆದ ಚೀಟಿ ಅವರ ಕೈಗೆ ಕೊಟ್ಟೆವು. ಬಿಪಿ ಜಾಸ್ತಿ ಬಂದಿದೆ, ಬೇಗ ಡಾಕ್ಟರ್ ಹತ್ತಿರ ತೋರಿಸಿ ಅಂದೆವು. ಅವರು ಚೀಟಿ ಮಡಿಸುತ್ತಾ ಕೇಳಿದರು, "ಯಾವಾಗ ಹೋಗ್ಲಿ?"

ನಾನು ಉತ್ತರ ಹೇಳಲು ಹೋಗಿ ನಿಂತೆ. ಅವರು ಮನೆ ಬಿಡುವುದು ಬೆಳಿಗ್ಗೆ 8ಕ್ಕೆ, ಬರುವುದು ಸಂಜೆ 6:30ಕ್ಕೆ. ಹತ್ತಿರದ ಸರ್ಕಾರಿ ಕ್ಲಿನಿಕ್ ತೆರೆಯುವುದು ಅವರು ಹೊರಟ ಮೇಲೆ, ಮುಚ್ಚುವುದು ಬರುವುದಕ್ಕೆ ಮೊದಲು. ಭಾನುವಾರ ಇಲ್ಲ. ಇಎಸ್‌ಐ ಡಿಸ್ಪೆನ್ಸರಿಗೆ ಹೋದರೆ ಒಂದು ದಿನದ ಸಂಬಳ, ಅದರ ಜೊತೆ ತಿಂಗಳ ಹಾಜರಿ ಬೋನಸ್ ಹೋಗುತ್ತದೆ. ರಾತ್ರಿ ತೆರೆದಿರುವುದು ಪ್ರೈವೇಟ್ ಕ್ಲಿನಿಕ್ ಮತ್ತು ಮೆಡಿಕಲ್ ಶಾಪ್. 10ರಿಂದ 5 ಅಂತ ನಾನು ಟೈಮ್ ಇಟ್ಟು ಅವರನ್ನು ಕಳೆದುಕೊಂಡಿದ್ದೆನಲ್ಲ, ಅದೇ ಟೈಮಿನಲ್ಲಿ ಚಿಕಿತ್ಸೆಯೂ ಅವರನ್ನು ಕಳೆದುಕೊಳ್ಳುತ್ತಿತ್ತು. ಬಾಗಿಲಿಗೆ ಬೀಗ ಹಾಕಿದ ಹೊತ್ತಿನಲ್ಲೇ ಕ್ಲಿನಿಕ್ಕಿನ ಬಾಗಿಲು ತೆರೆದಿರುತ್ತದೆ.

ಕಾಯ್ದೆಯ ಪ್ರಕಾರ 500ಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ರೂಮ್ ಇರಬೇಕು, ವೈದ್ಯಕೀಯ ಸಿಬ್ಬಂದಿ ಇರಬೇಕು. ಅವರದ್ದು ಅಂಥ ದೊಡ್ಡ ಕಾರ್ಖಾನೆ. ತಲೆನೋವಿನ ಮಾತ್ರೆ ಕೊಡುವ ಆ ನರ್ಸ್ ಹತ್ತಿರವೇ ಬಿಪಿ ನೋಡಿಸಿ, ಈ ಚೀಟಿ ತೋರಿಸಿ, ಅರ್ಧ ದಿನ ಬಿಡಿಸಿಕೊಳ್ಳಲು ಕೇಳಿ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಚೀಟಿಯನ್ನು ಇಎಸ್‌ಐ ಕಾರ್ಡಿನ ಕವರಿನೊಳಗೆ ಇಟ್ಟರು. ತಲೆನೋವಿನ ಮಾತ್ರೆಯ ಶೀಟ್ ಎತ್ತಿ ಅದರ ಪಕ್ಕಕ್ಕೇ ಇಟ್ಟರು.

ಎಂಟು ಬೀಗದ ಮನೆಗಳಲ್ಲಿ ಕೊನೆಗೆ ಐದು ಸಿಕ್ಕವು. ಮೂರು ಸಂಜೆ ಹೊತ್ತಿನಲ್ಲಿ, ಎರಡು ಭಾನುವಾರ. ಒಟ್ಟು 18. ಒಂದೊಂದು ಮನೆಯ ತೂಕ 1.69ರಿಂದ 1.22ಕ್ಕೆ ಇಳಿಯಿತು. ಬೇಡ ಅಂದ ಮನೆಯವರನ್ನು ಮತ್ತೆ ಒತ್ತಾಯ ಮಾಡಲಿಲ್ಲ. ಐದನೇ ಸುತ್ತಿನ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದಾದ್ಯಂತ 98% ಮನೆಗಳು ಸಿಕ್ಕಿದ್ದವು. ಆರಿಸಿದ ಹೆಂಗಸರಲ್ಲಿ 97% ಸಿಕ್ಕರು, ಗಂಡಸರಲ್ಲಿ 92% ಮಾತ್ರ. ಹೊರಗೆ ದುಡಿಯುವವರು ಕೈಗೆ ಸಿಗುವುದು ಯಾವಾಗಲೂ ಕಷ್ಟ. ಪೀಣ್ಯದ ಪಕ್ಕದ ಬೀದಿಗಳಲ್ಲಿ ಹೆಂಗಸರೂ ಹಾಗೇ ಹೊರಗೆ ದುಡಿಯುವವರು.

ಉಳಿದ ಮೂರು ಮನೆಗೆ ನಾಲ್ಕನೇ ಸಲವೂ ಹೋದೆವು. ಕೆಳಗಿನ ಮನೆಯ ಓನರ್ ಒಳ್ಳೆಯ ಮನುಷ್ಯ, ನಮ್ಮ ಓಡಾಟ ನೋಡಿ ಬೇಜಾರು ಮಾಡಿಕೊಂಡರು. "ಒಂದರಲ್ಲಿ ಗಂಡ ಹೆಂಡತಿ ಇಬ್ಬರಿಗೂ ನೈಟ್ ಶಿಫ್ಟ್. ಇನ್ನೊಂದರಲ್ಲಿ ಹುಡುಗರು, ಎಲ್ಲಾ ಡೆಲಿವರಿ ಕೆಲಸ. ಮೂರನೇದು ಊರಿಗೆ ಹೋಗಿದ್ದಾರೆ, ಆಕೆಗೆ ಶುಗರ್ ಇದೆ, ನನಗೆ ಗೊತ್ತು. ಬೇಕಾದರೆ ಬರ್ಕೊಳ್ಳಿ" ಅಂದರು. ಥ್ಯಾಂಕ್ಸ್ ಹೇಳಿದೆವು. ಮೂರೂ ಮನೆಯ ಮುಂದೆ 'ಮನೆಯಲ್ಲಿ ಯಾರೂ ಇಲ್ಲ' ಎಂಬ ಕೋಡ್ ಹಾಕಿ, ನಾಲ್ಕು ಸಲ ಹೋದ ದಿನ ಮತ್ತು ಹೊತ್ತನ್ನು ಬರೆದು, ಟ್ಯಾಬ್ ಮುಚ್ಚಿದೆವು.